ಮಕ್ಕಳ ಕಾಲಳತೆಯ ಹಿಮಾಲಯ

ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ನಮ್ಮ ಊರುಗಳ ಟ್ರಾವೆಲ್ಸ್ ಕಚೇರಿಗಳ ಮುಂದೆ ಶಿಮ್ಲಾ–ಕುಲು–ಮನಾಲಿ ಬ್ಯಾನರುಗಳು ಏಳುತ್ತವೆ. ಪ್ಯಾಕೇಜಿನ ದಾರಿಯನ್ನು ಒಮ್ಮೆ ಕೂಡಿಸಿ ನೋಡಬೇಕು. ದೆಹಲಿಯಿಂದ ಶಿಮ್ಲಾಕ್ಕೆ ಸುಮಾರು 340 ಕಿ.ಮೀ., ಅಲ್ಲಿಂದ ಮನಾಲಿಗೆ ಸುಮಾರು 250, ಮನಾಲಿಯಿಂದ ವಾಪಸ್ ದೆಹಲಿಗೆ 530ರ ಆಸುಪಾಸು. ಆರು ದಿನದಲ್ಲಿ ಸಾವಿರದ ನೂರು ಕಿಲೋಮೀಟರ್, ಅದರಲ್ಲಿ ಸುಮಾರು ಅರ್ಧ ಘಟ್ಟದ ದಾರಿ. ಇಷ್ಟೆಲ್ಲ ಪ್ರಯಾಣದಲ್ಲಿ ಮಗು ಹಿಮದ ಮೇಲೆ ಕಾಲೂರಿ ನಿಲ್ಲುವುದು ಅರ್ಧ ದಿನ. ಆ ಅರ್ಧ ದಿನದಲ್ಲೂ ಬಾಡಿಗೆ ಬೂಟು ಹಾಕುವುದು, ಫೋಟೊ, ಮ್ಯಾಗಿ, ಟ್ರಾಫಿಕ್ ಜಾಮ್ ಎಲ್ಲ ಸೇರಿಕೊಂಡಿರುತ್ತವೆ. ಮಕ್ಕಳನ್ನು ಕರೆದುಕೊಂಡು ಹಿಮದ ನಾಡಿಗೆ ಹೋಗುವವರು ಈ ಲೆಕ್ಕವನ್ನು ತಲೆಕೆಳಗು ಮಾಡಬೇಕೆಂದು ನಾನು ವಾದಿಸುತ್ತೇನೆ. ಒಂದೇ ಕಣಿವೆ, ಒಂದೇ ಊರು, ನಾಲ್ಕೈದು ರಾತ್ರಿ. ಎತ್ತರ ಎರಡು ಸಾವಿರ ಮೀಟರಿನ ಸುತ್ತಮುತ್ತ. ದಿನದ ವೇಗ ಮನೆಯ ಅತಿ ಚಿಕ್ಕ ಮಗುವಿನ ಕಾಲಿಗೆ ತಕ್ಕಷ್ಟು. ಹೀಗೆ ಮಾಡಿದರೆ ಅಪಾಯ ಕಡಿಮೆ ಎಂಬುದನ್ನು ಬಹಳ ಜನ ಒಪ್ಪುತ್ತಾರೆ. ಸಾಹಸವೂ ಹೆಚ್ಚು ಎಂಬುದನ್ನು ಒಪ್ಪುವವರು ಕಡಿಮೆ, ಅದಕ್ಕೇ ಈ ಬರಹ.

ಎತ್ತರದ ಮಾತನ್ನು ಮೊದಲು ಮುಗಿಸಿಕೊಳ್ಳೋಣ. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ, ಸೋಲಾಂಗ್ ಕಣಿವೆ 2,500ರ ಆಸುಪಾಸಿನಲ್ಲಿ. ಅಲ್ಲಿಂದ ಲಾಹೌಲ್ ಕಣಿವೆಗೆ ದಾಟಿಸುವ ಅಟಲ್ ಸುರಂಗದ ಎರಡೂ ಬಾಯಿಗಳು 3,000 ಮೀಟರ್ ದಾಟಿವೆ. ಆಚೆ ಲಾಹೌಲಿನ ಸಿಸ್ಸು 3,100 ಮೀಟರಿನಲ್ಲಿದೆ. ಮನಾಲಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು, ಸಿಸ್ಸುವಿನಲ್ಲಿ ಅದು ಮೂರರಲ್ಲಿ ಎರಡು ಪಾಲಿನ ಸಮೀಪಕ್ಕೆ ಇಳಿದಿರುತ್ತದೆ. ಹಗಲು ಹೋಗಿ ಸಂಜೆಗೆ ಇಳಿದು ಬರುವ ಆರೋಗ್ಯವಂತ ಮಗುವಿಗೆ ಇದರಿಂದ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಎಷ್ಟು ಎತ್ತರ ಮುಟ್ಟಿದೆವು ಎಂಬುದಕ್ಕಿಂತ ಎಷ್ಟು ಎತ್ತರದಲ್ಲಿ ಮಲಗಿದೆವು ಎಂಬುದೇ ಎತ್ತರದ ಕಾಯಿಲೆಯಲ್ಲಿ ಮುಖ್ಯ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂದು ಪರ್ವತ ವೈದ್ಯರು ಹೇಳುವುದು ಇದಕ್ಕಾಗಿ. ದೊಡ್ಡವರು ತಲೆನೋವು, ವಾಕರಿಕೆ ಎಂದು ಬಾಯಿಬಿಟ್ಟು ಹೇಳುತ್ತಾರೆ. ಮೂರು ವರ್ಷದ ಮಗು ಹೇಳಲಾರದು. ಅದು ರಚ್ಚೆ ಹಿಡಿಯುತ್ತದೆ, ಊಟ ಬೇಡವೆನ್ನುತ್ತದೆ, ನಿದ್ದೆ ಮಾಡುವುದಿಲ್ಲ. ದಿನವೆಲ್ಲ ಕಾರಿನಲ್ಲಿ ಕೂತು ದಣಿದ ಮಗುವೂ ಇದನ್ನೇ ಮಾಡುತ್ತದೆ. ಎರಡರಲ್ಲಿ ಯಾವುದೆಂದು ತಾಯಿಗೂ ಗೊತ್ತಾಗದ ಸ್ಥಿತಿಯನ್ನು ಓಟದ ಪ್ರವಾಸವೇ ತಂದಿಡುತ್ತದೆ. ಒಂದೇ ಊರಿನಲ್ಲಿ ಎರಡು ರಾತ್ರಿ ಕಳೆದು, ಉಂಡು, ನಿದ್ದೆ ಮಾಡಿದ ಮಗುವಿನಲ್ಲಿ ಆದ ಸಣ್ಣ ಬದಲಾವಣೆಯೂ ಎದ್ದು ಕಾಣುತ್ತದೆ.

ಎರಡನೆಯದು ರಸ್ತೆ. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ 9.02 ಕಿ.ಮೀ. ಉದ್ದದ ಅಟಲ್ ಸುರಂಗವು ಚಳಿಗಾಲದಲ್ಲಿ ಮುಚ್ಚುವ ರೋಹ್ತಾಂಗ್ ದಾರಿಗೆ ಬದಲಿಯಾಗಿ, ಲಾಹೌಲಿನ ಜನರ ತಿಂಗಳುಗಟ್ಟಲೆಯ ಬಂಧನವನ್ನು ಬಿಡಿಸಿತು. ರೋಗಿಗಳಿಗೆ, ವಿದ್ಯಾರ್ಥಿಗಳಿಗೆ, ಬಟಾಣಿ–ಆಲೂಗಡ್ಡೆ ಬೆಳೆಗಾರರಿಗೆ ಅದು ಜೀವದ ದಾರಿ. ದಿನಕ್ಕೆ 3,000 ಕಾರು ಮತ್ತು 1,500 ಲಾರಿಗಳೆಂಬ ಅಂದಾಜಿನಲ್ಲಿ ಕಟ್ಟಿದ ಆ ಸುರಂಗವನ್ನು 2023ರ ಡಿಸೆಂಬರ್ 24ರ ಒಂದೇ ದಿನ 28 ಸಾವಿರಕ್ಕೂ ಹೆಚ್ಚು ವಾಹನಗಳು ದಾಟಿದವು. ಮರುವರ್ಷ, 2024ರ ಡಿಸೆಂಬರ್ 27ರಂದು, ಹಠಾತ್ತನೆ ಹಿಮ ಸುರಿದಾಗ ಸೋಲಾಂಗ್ ನಾಲೆಯ ಬಳಿ ಸುಮಾರು ಸಾವಿರ ವಾಹನಗಳು ಸಿಕ್ಕಿಬಿದ್ದವು; ಸುಮಾರು ಐದು ಸಾವಿರ ಪ್ರವಾಸಿಗರನ್ನು ಕುಲು ಪೊಲೀಸರು ಹೊರತಂದರು. ಹಿಮ ಬಿದ್ದ ರಸ್ತೆಯನ್ನು ಎಷ್ಟೋ ಚಾಲಕರು ನಿಭಾಯಿಸಬಲ್ಲರು. ಆದರೆ ಚಕ್ರಗಳು ಒತ್ತಿ ನುಣುಪಾಗಿಸಿದ ಹಿಮ ಸಂಜೆಗೆ ಗಾಜಿನಂತೆ ಹೆಪ್ಪುಗಟ್ಟಿದ ಮೇಲೆ ಬ್ರೇಕ್ ಒತ್ತಿದಷ್ಟೂ ಗಾಡಿ ಜಾರುತ್ತದೆ. ಅಂಥ ಸಂಜೆ ಇಂಜಿನ್ ನಿಲ್ಲಿಸಿದ ಕಾರಿನಲ್ಲಿ ಬಿಸಿನೀರು, ಶೌಚಾಲಯ ಇಲ್ಲದೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂರುವುದನ್ನು ಸಾಹಸವೆಂದು ಕರೆಯಲು ನನ್ನಿಂದಾಗದು. ಆಡಳಿತದ ವ್ಯವಸ್ಥೆ ಸುಧಾರಿಸಲಿ, ಆಗಬೇಕಾದದ್ದೇ. ಆದರೆ ಮನಾಲಿಯಲ್ಲಿ ಐದು ರಾತ್ರಿ ಇರುವ ಕುಟುಂಬಕ್ಕೆ ಅಂಥ ದಿನ ರಸ್ತೆಗಿಳಿಯುವ ಅಗತ್ಯವೇ ಬೀಳುವುದಿಲ್ಲ. ಮರುದಿನ ಮುಂದಿನ ಊರು ತಲುಪಬೇಕಾದವರು ಮಾತ್ರ ಮೋಡ ನೋಡಿಯೂ ಹೊರಡುತ್ತಾರೆ.

ಇನ್ನು ಚಳಿ. ಜನವರಿಯಲ್ಲಿ ಮನಾಲಿಯ ರಾತ್ರಿಯ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ, ಆದರೆ ಬಿಸಿಲಿದ್ದ ಹಗಲು ಹಿತವಾಗಿಯೇ ಇರುತ್ತದೆ. ಆ ಹಿತದಲ್ಲೇ ಮೋಸವಿದೆ. ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಮೈಯ ಹರವು ದೊಡ್ಡವರದ್ದಕ್ಕಿಂತ ಹೆಚ್ಚು, ಹಾಗಾಗಿ ಅದು ಬೇಗ ಬಿಸಿ ಕಳೆದುಕೊಳ್ಳುತ್ತದೆ. ಬಟ್ಟೆ ಒದ್ದೆಯಾದರೆ ಇನ್ನೂ ಬೇಗ. ಕುಲು ಕಣಿವೆಯಲ್ಲಿ ಸೋಲಾಂಗ್ ಕಡೆ ಹೋಗುವ ದಾರಿಯುದ್ದಕ್ಕೂ ನಂಬರು ಹಾಕಿದ ಬಾಡಿಗೆ ಅಂಗಡಿಗಳಿವೆ. ಅಲ್ಲಿ ಮೈತುಂಬ ಮುಚ್ಚುವ ದಪ್ಪ ಸೂಟು, ರಬ್ಬರಿನ ಗಂಬೂಟು ಸಿಗುತ್ತವೆ. ಸೂಟು ನಡೆಯುತ್ತದೆ. ಗಂಬೂಟನ್ನು ಮಾತ್ರ ಒಂದು ನಿಮಿಷ ಕೈಯಲ್ಲಿ ಹಿಡಿದು ನೋಡಬೇಕು. ನೀರು ಒಳಗೆ ಬರದಂತೆ ತಡೆಯುವ ಆ ರಬ್ಬರು ಚಳಿಯನ್ನು ತಡೆಯುವುದಿಲ್ಲ, ಒಳಗಿನ ಬೆವರನ್ನು ಹೊರಗೆ ಬಿಡುವುದೂ ಇಲ್ಲ. ಅಪ್ಪ ಅಮ್ಮ ಕಾಳಜಿಯಿಂದಲೇ ಮಗುವಿಗೆ ಎರಡು ಜೊತೆ ಹತ್ತಿ ಸಾಕ್ಸ್ ಹಾಕಿ, ಸರಿಯಳತೆಯ ಬೂಟಿನೊಳಗೆ ಕಾಲನ್ನು ತುರುಕುತ್ತಾರೆ. ಬಿಗಿಯಾದ ಬೂಟಿನಲ್ಲಿ ರಕ್ತ ಸರಾಗವಾಗಿ ಓಡದು, ಬೆವರು ಹೀರಿದ ಹತ್ತಿ ಒಣಗದು; ಅರ್ಧ ಗಂಟೆಯಲ್ಲಿ ಬೆರಳು ಮರಗಟ್ಟಿ ಮಗು ಅಳುತ್ತದೆ. ಮನೆಯಿಂದಲೇ ತಂದ ಒಂದು ಜೊತೆ ಉಣ್ಣೆಯ ಸಾಕ್ಸ್, ಬೆರಳಾಡಿಸಲು ಜಾಗವಿರುವಂತೆ ಒಂದಳತೆ ದೊಡ್ಡ ಬೂಟು, ಚೀಲದಲ್ಲಿ ಇನ್ನೊಂದು ಒಣ ಜೊತೆ: ಇಷ್ಟರಿಂದಲೇ ಮಗು ಇನ್ನೊಂದು ಗಂಟೆ ಹಿಮದಲ್ಲಿ ಆಡುತ್ತದೆ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಹಿಂದಕ್ಕೆ ಎರಚುತ್ತದೆ, ಆದ್ದರಿಂದ ಮಕ್ಕಳಿಗೂ ಕಪ್ಪು ಕನ್ನಡಕ ಬೇಕೇ ಬೇಕು. ರಾತ್ರಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಂಗೀಠಿ ಇಟ್ಟು ಯಾರೂ ಮಲಗಬಾರದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಹೊಗೆ ಕೊಳವೆ ಹೊರಗೆ ಹೋಗುವ ಕಬ್ಬಿಣದ ತಂದೂರು ಒಲೆ ಪಹಾಡಿ ಮನೆಗಳಲ್ಲಿದೆ, ಅದು ಬೇರೆ.

ಒಂದೇ ಊರಿನಲ್ಲಿ ಐದು ದಿನ ಇದ್ದರೆ ಮಕ್ಕಳಿಗೆ ಬೇಸರವಾಗುವುದಿಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಹಿಮವನ್ನು ಹತ್ತಿರದಿಂದ ಅರಿಯದವರ ಪ್ರಶ್ನೆ ಇದು: ನಮ್ಮ ಭಾಷೆಯಲ್ಲಿ ಮಡಿಕೇರಿಯ ಬೆಳಗಿನದೂ ಮಂಜು, ಮನಾಲಿಯಲ್ಲಿ ಸುರಿಯುವುದೂ ಮಂಜು. ಹಿಮದೊಡನೆ ನಮಗೆ ದಿನದ ಒಡನಾಟವಿಲ್ಲ. ಅದು ನಮಗೆ ಒಂದೇ ಬಿಳಿ ವಸ್ತು, ಒಮ್ಮೆ ನೋಡಿದರೆ ಮುಗಿಯಿತು. ಐದು ದಿನ ಅದರ ಜೊತೆಗಿದ್ದ ಮಗುವಿಗೆ ಹಾಗಲ್ಲ. ಕಡುಚಳಿಯ ರಾತ್ರಿ ಬಿದ್ದ ಒಣ ಹಿಮವನ್ನು ಬೆಳಿಗ್ಗೆ ಎಷ್ಟು ಹಿಚುಕಿದರೂ ಉಂಡೆಯಾಗದು, ಸಕ್ಕರೆ ಪುಡಿಯಂತೆ ಉದುರುತ್ತದೆ. ಅದೇ ಹಿಮ ಮಧ್ಯಾಹ್ನದ ಬಿಸಿಲಿಗೆ ಕರಗುವ ಹಂತ ಮುಟ್ಟಿ, ಕಣಗಳ ನಡುವೆ ನೀರಿನ ತೆಳು ಪದರ ಮೂಡಿದಾಗ ಲಾಡಿನಂತೆ ಕಟ್ಟಿಕೊಳ್ಳುತ್ತದೆ. ಸಂಜೆ ಮತ್ತೆ ಹೆಪ್ಪುಗಟ್ಟಿ, ಮೇಲೆ ಹಪ್ಪಳದಂಥ ಪೊರೆ ಬರುತ್ತದೆ. ಹಗುರ ಮೈಯ ಮಗು ಅದರ ಮೇಲೆ ನಡೆದೀತು, ಅಪ್ಪನ ಕಾಲು ಮೊಣಕಾಲಿನವರೆಗೆ ಹೂತುಹೋದೀತು. ಮರುದಿನ ಅದರ ಮೇಲೆ ಯಾರು ಓಡಾಡಿದರು ಎಂಬುದು ಬರೆದಂತೆ ಕಾಣುತ್ತದೆ: ಹಕ್ಕಿ, ನಾಯಿ, ಕೆಲವೊಮ್ಮೆ ನರಿ. ಅರ್ಧ ದಿನಕ್ಕೆ ಬಂದವರಿಗೆ ಇದರಲ್ಲಿ ಒಂದು ಹಿಮ ಮಾತ್ರ ಸಿಗುತ್ತದೆ, ಅದೂ ಸಾವಿರ ಜನ ತುಳಿದದ್ದು.

ಸ್ಕೀಯಿಂಗ್ ವಿಷಯದಲ್ಲೂ ಇದೇ ಮಾತು. ಸ್ನೋ ಪಾಯಿಂಟಿನಲ್ಲಿ ಬಾಡಿಗೆಗೆ ಸ್ಕೀ ಕಟ್ಟಿಸಿಕೊಂಡು, ಯಾರೋ ಹಿಡಿದು ತಳ್ಳಿದಷ್ಟು ದೂರ ಹೋಗಿ ಫೋಟೊ ತೆಗೆಸಿಕೊಂಡರೆ ಮಗು ಏನನ್ನೂ ಕಲಿಯದು. ನಿಜವಾದ ಮೊದಲ ಪಾಠದಲ್ಲಿ ಇಳಿಯುವುದೇ ಇಲ್ಲ. ಸಮತಟ್ಟಿನಲ್ಲಿ ಒಂದೇ ಸ್ಕೀ ಕಟ್ಟಿಕೊಂಡು ಜಾರಿ ನೋಡುವುದು, ಪಕ್ಕಕ್ಕೆ ವಾಲಿ ಬೀಳುವುದನ್ನು ಕಲಿಯುವುದು, ಬಿದ್ದಲ್ಲಿಂದ ತಾನೇ ಏಳುವುದು. ಆಮೇಲೆ ಇಳಿಜಾರಿಗೆ ಅಡ್ಡಲಾಗಿ ನಿಂತು, ಏಡಿಯಂತೆ ಪಕ್ಕಕ್ಕೆ ಹೆಜ್ಜೆಯಿಟ್ಟು ಹತ್ತು ಮೀಟರ್ ಹತ್ತುವುದು; ಸ್ಕೀಗಳ ಮುಂತುದಿ ಕೂಡಿಸಿ, ಹಿಂತುದಿ ಅಗಲಿಸಿ, ಒಳ ಅಂಚನ್ನು ಹಿಮಕ್ಕೊತ್ತಿ ನಿಧಾನಕ್ಕೆ ಇಳಿದು ನಿಲ್ಲುವುದು. ನಿಲ್ಲಲು ಬಂದ ಮಗುವಿಗಷ್ಟೇ ಇಳಿಯುವ ಧೈರ್ಯ ಬರುತ್ತದೆ. ಕುಳ್ಳಗಿರುವುದರಿಂದ ಮಕ್ಕಳಿಗೆ ಬೀಳುವ ಭಯ ಕಡಿಮೆ, ಬಿದ್ದಾಗ ಪೆಟ್ಟೂ ಕಡಿಮೆ. ಮೂರನೇ ದಿನಕ್ಕೆ ಅಪ್ಪ ಅಮ್ಮನಿಗಿಂತ ಮುಂದೆ ಹೋಗಿರುತ್ತಾರೆ. ಮನಾಲಿಯಲ್ಲಿ 1961ರಿಂದಲೂ ಇರುವ, ಈಗ ಅಟಲ್ ಬಿಹಾರಿ ವಾಜಪೇಯಿ ಹೆಸರು ಹೊತ್ತ ಪರ್ವತಾರೋಹಣ ಸಂಸ್ಥೆ ಚಳಿಗಾಲದಲ್ಲಿ ಸೋಲಾಂಗ್‌ನಲ್ಲಿ ಸ್ಕೀ ತರಬೇತಿ ನಡೆಸುತ್ತದೆ. ಆ ಕಣಿವೆಯ ಯುವಕರಲ್ಲಿ ಅನೇಕರು ಪಳಗಿದ ಸ್ಕೀಗಾರರು. ಅಂಥ ಒಬ್ಬರನ್ನು ಮೂರು ಬೆಳಗಿಗೆ ಗೊತ್ತುಮಾಡಿಕೊಂಡರೆ ಸಾಕು. ಹಿಮವಿಲ್ಲದ ನಾಡಿನ ಮಕ್ಕಳಿಗೆ ಇದರಿಂದೇನು ಪ್ರಯೋಜನ ಎನ್ನುವವರಿಗೆ ಒಂದು ಹೆಸರು ಹೇಳಬಹುದು. ಹಿಮ ಬೀಳದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಎಲ್ಲ ಮಕ್ಕಳೂ ಹಾಗಾಗಬೇಕಿಲ್ಲ. ಆದರೆ ಹಿಮದ ಆಟ ಹುಟ್ಟಿದ ಊರಿನ ಆಸ್ತಿಯಲ್ಲ.

ಕೆಳಗಿನ ಊರಿನಲ್ಲಿ ಹಿಮವೇ ಇರದಿದ್ದರೆ? ಈ ಆಕ್ಷೇಪ ಗಟ್ಟಿಯಾದದ್ದು. ಡಿಸೆಂಬರ್ ಕೊನೆಯಲ್ಲಿ ಮನಾಲಿ ಪೇಟೆಯಲ್ಲಿ ಹಿಮ ಇದ್ದೇ ಇರುತ್ತದೆ ಎನ್ನಲಾಗದು, ಮತ್ತು ಕ್ರಿಸ್‌ಮಸ್ ರಜೆ ಕೊಡುವ ನಮ್ಮ ಶಾಲೆಗಳ ಮಕ್ಕಳಿಗೆ ಸಿಗುವುದು ಅದೇ ವಾರ. ಹಿಮ ಹೆಚ್ಚು ಬೀಳುವುದು, ಜನ ಕಡಿಮೆಯಿರುವುದು ಜನವರಿ ನಡುವಿನಿಂದ ಫೆಬ್ರವರಿಯವರೆಗೆ. ಚಿಕ್ಕ ತರಗತಿಗಳ ಮಕ್ಕಳಾದರೆ ಗಣರಾಜ್ಯೋತ್ಸವದ ಸುತ್ತ ಮೂರು ದಿನ ರಜೆ ಕೇಳಿ ಹೋಗುವುದನ್ನು ನಾನು ತಪ್ಪೆನ್ನಲಾರೆ. ಆಗಲೂ ಖಾತ್ರಿಯಿಲ್ಲ. 2024ರ ಜನವರಿ ಬಹುಪಾಲು ಒಣಗಿಯೇ ಕಳೆದು, ತಿಂಗಳ ಕೊನೆಗೆ ಹಿಮ ಬಿತ್ತು. ಅದಕ್ಕೇ ಮಲಗುವುದು ಕೆಳಗೆ, ಹಗಲಿನ ಆಟ ಸ್ವಲ್ಪ ಮೇಲೆ ಎಂಬ ವ್ಯವಸ್ಥೆ ಒಳ್ಳೆಯದು. ಸೋಲಾಂಗ್, ಹಾಮ್ತಾ ಬದಿಯ ಸೇಥನ್ ಹಳ್ಳಿ, ಹವಾಮಾನ ಒಪ್ಪಿದ ದಿನ ಸಿಸ್ಸು. ಹಿಮ ಬರದ ದಿನಕ್ಕೂ ಕಣಿವೆಯಲ್ಲಿ ಕೆಲಸವಿದೆ. ನಗ್ಗರ್‌ನಲ್ಲಿ ದೇವದಾರು ತೊಲೆ ಮತ್ತು ಕಲ್ಲನ್ನು ಒಂದರ ಮೇಲೊಂದು ಪೇರಿಸಿ ಗಾರೆಯಿಲ್ಲದೆ ಕಟ್ಟಿದ ಕಾಠ್‌ಕುಣಿ ಮನೆಗಳಿವೆ. ಕೆಳಗಿನ ಅಂತಸ್ತಿನಲ್ಲಿ ದನ, ಮೇಲೆ ಮನುಷ್ಯರು. ದನಗಳ ಮೈಶಾಖ ಮೇಲಿನವರನ್ನು ಬೆಚ್ಚಗಿಡುತ್ತದೆ. ಹಬೆಯಲ್ಲಿ ಬೇಯಿಸಿ ತುಪ್ಪ ಸುರಿದ ಸಿಡ್ಡು ತಿನ್ನುತ್ತ ಆ ಮನೆಯ ಮಕ್ಕಳ ಜೊತೆ ಒಲೆಯ ಮುಂದೆ ಕೂತ ಸಂಜೆಯನ್ನು ಕಳೆದುಕೊಂಡ ದಿನವೆಂದು ಲೆಕ್ಕ ಹಾಕಬೇಕಿಲ್ಲ.

ಖರ್ಚಿನ ಮಾತು ಚಿಕ್ಕದು. ಟ್ಯಾಕ್ಸಿಯ ಕಿಲೋಮೀಟರು ಉಳಿದರೆ ಸ್ಕೀ ಕಲಿಸುವವರ ಹಣಕ್ಕೆ ಅದರಿಂದಲೇ ಪಾಲು ಬರುತ್ತದೆ, ಮತ್ತು ಆ ಹಣ ಊರಿನವರ ಕೈಗೇ ಸೇರುತ್ತದೆ. ಅಷ್ಟು ದೂರ ಹೋಗಿ ಶಿಮ್ಲಾ ನೋಡದೆ ಬರುವುದೇ ಎಂಬ ಕೊರಗನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಮ್ಮೆ ಮಾತ್ರ ಹೋಗಲು ಸಾಧ್ಯವಿರುವ ಕುಟುಂಬಕ್ಕೆ ಅದು ನಿಜವಾದ ನೋವು. 1920ರಿಂದ ನಡೆದುಬಂದಿರುವ ಶಿಮ್ಲಾದ ಬಯಲು ಐಸ್ ಸ್ಕೇಟಿಂಗ್ ಅಂಗಳ, ರಾತ್ರಿ ಹಾಯಿಸಿದ ನೀರು ಬರೀ ಚಳಿಗೆ ಹೆಪ್ಪುಗಟ್ಟುವ ಜಾಗ, ಮಕ್ಕಳಿಗೆ ಅದ್ಭುತವೇ. ಅದಕ್ಕಾಗಿ ಹೋಗುವುದಾದರೆ ಶಿಮ್ಲಾದಲ್ಲೇ ಐದು ದಿನ ಇರಬೇಕು, ನಾರ್ಕಂಡಾಕ್ಕೆ ಹಗಲು ಹೋಗಿ ಬರಬೇಕು. ಮನಾಲಿಯನ್ನು ಬಿಡಬೇಕು.

ಜನವರಿಯಲ್ಲಿ ಉಳಿಯುವವರು ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ಮಕರ ಸಂಕ್ರಾಂತಿಯಿಂದ 42 ದಿನ ಮನಾಲಿ ಬಳಿಯ ಗೋಶಾಲ್ ಮತ್ತು ಸುತ್ತಲಿನ ಊರುಗಳ ದೇವರುಗಳು ಸ್ವರ್ಗಕ್ಕೆ ತೆರಳುತ್ತಾರೆಂದು ಅಲ್ಲಿನ ನಂಬಿಕೆ. ಸೋಲಾಂಗ್, ಪಲಚಾನ್, ಬುರುವಾ ಸೇರಿದಂತೆ ಒಂಬತ್ತು ಹಳ್ಳಿಗಳು ಆ ದಿನಗಳಲ್ಲಿ ಮೌನ ಹಿಡಿಯುತ್ತವೆ. ಗುಡಿಯ ಗಂಟೆ ಕಟ್ಟಿಡುತ್ತಾರೆ, ಟಿವಿ ಹಾಕುವುದಿಲ್ಲ, ಹೊಲದಲ್ಲಿ ಮಣ್ಣು ಅಗೆಯುವುದಿಲ್ಲ, ಮೊಬೈಲುಗಳೂ ಸದ್ದಡಗಿಸಿಕೊಳ್ಳುತ್ತವೆ. ಗುಡಿಯಲ್ಲಿ ಬಳಿದ ಮಣ್ಣಿನ ಲೇಪವನ್ನು ದೇವರು ಮರಳಿದ ದಿನ ತೆಗೆದು, ಅದರಲ್ಲಿ ಸಿಕ್ಕಿದ್ದನ್ನು ನೋಡಿ ವರ್ಷದ ಫಲ ಹೇಳುತ್ತಾರೆ. ಸೋಲಾಂಗ್‌ನ ಪ್ರವಾಸಿ ಇಳಿಜಾರಿಗೂ ಮೌನ ಹಿಡಿದ ಸೋಲಾಂಗ್ ಹಳ್ಳಿಗೂ ನಡುವೆ ಇರುವುದು ಸ್ವಲ್ಪವೇ ದೂರದ ಕಾಲುದಾರಿ. ಆ ದಾರಿಯಲ್ಲಿ ಮಕ್ಕಳನ್ನು ನಡೆಸಿಕೊಂಡು ಹೋಗುವಾಗ, ಇಲ್ಲಿ ಪಿಸುಮಾತು ಮಾತ್ರ ಎಂದು ಮೊದಲೇ ಹೇಳಿದರೆ ಅವರು ಅದನ್ನು ದೊಡ್ಡವರಿಗಿಂತ ಚೆನ್ನಾಗಿ ಪಾಲಿಸುತ್ತಾರೆ. ಬಿಸಿಲೇರಿದಂತೆ ದೇವದಾರುವಿನ ಕೊಂಬೆಯಿಂದ ಹಿಮದ ಹೊರೆ ಜಾರಿ ಬೀಳುತ್ತದೆ, ಹಗುರಾದ ಕೊಂಬೆ ಮೇಲಕ್ಕೆ ಚಿಮ್ಮುತ್ತದೆ. ಆ ಸದ್ದು ಸೇಬಿನ ತೋಟದ ಆಚೆಯವರೆಗೂ ಕೇಳುತ್ತದೆ.