ಕರುವಿನ ಲಸಿಕೆ ನೆನಪಿದೆ, ಮಗುವಿನ ಎರಡನೇ ಲಸಿಕೆ ಆಗಿದೆಯೇ?

ಹೈನುಗಾರ ಸಹೋದರಿಯರೇ,

ನಾಳೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಬರುತ್ತಾರೆ ಎಂದು ಸಂಘದಲ್ಲಿ ಹೇಳಿದರೆ ಸಾಕು, ನೀವು ದನಗಳನ್ನು ಮೇಯಲು ಬಿಡದೆ ಕೊಟ್ಟಿಗೆಯಲ್ಲೇ ಕಟ್ಟಿಕೊಂಡು ಕಾಯುತ್ತೀರಿ. ಯಾವ ಕರುವಿಗೆ ನಾಲ್ಕು ತಿಂಗಳು ತುಂಬಿತು, ಯಾವುದಕ್ಕೆ ಇನ್ನೊಂದು ಸಲ ಹಾಕಿಸಬೇಕು ಎಂಬ ಲೆಕ್ಕ ನಿಮ್ಮ ಬಾಯಲ್ಲೇ ಇರುತ್ತದೆ. ಈಗ ಒಂದು ಪ್ರಶ್ನೆ. ನಿಮ್ಮ ಮನೆಯ ಮಗುವಿಗೆ ಅಥವಾ ಮೊಮ್ಮಗುವಿಗೆ ದಡಾರ–ರುಬೆಲ್ಲಾ ಲಸಿಕೆ ಎರಡು ಸಲ ಆಗಿದೆಯೇ? ತಾಯಿ ಕಾರ್ಡ್ ತೆಗೆದು ನೋಡದೆ ಹೇಳಬಲ್ಲಿರಾ?

ಈ ಲಸಿಕೆಯನ್ನು ಸರ್ಕಾರ ಎರಡು ಸಲ ಉಚಿತವಾಗಿ ಕೊಡುತ್ತದೆ. ಮೊದಲನೆಯದು ಮಗುವಿಗೆ 9 ತಿಂಗಳು ತುಂಬಿದ ಮೇಲೆ, ವರ್ಷದೊಳಗೆ. ಎರಡನೆಯದು 16ರಿಂದ 24 ತಿಂಗಳ ನಡುವೆ. ಹೆಚ್ಚಾಗಿ ತಪ್ಪಿಹೋಗುವುದು ಎರಡನೆಯದೇ. ಅಷ್ಟು ಹೊತ್ತಿಗೆ ಮಗು ಓಡಾಡುತ್ತಿರುತ್ತದೆ, ತಾಯಿ ಕೊಟ್ಟಿಗೆ ಕೆಲಸಕ್ಕೆ ಮರಳಿರುತ್ತಾಳೆ, ಕಾರ್ಡ್ ಟ್ರಂಕಿನ ತಳ ಸೇರಿರುತ್ತದೆ.

ದೊಡ್ಡರೋಗ ಹೋಯಿತು, ದಡಾರ ಉಳಿಯಿತು

ದನಗಳಿಗೆ ಬರುತ್ತಿದ್ದ ದೊಡ್ಡರೋಗವನ್ನು ನಿಮ್ಮ ಅತ್ತೆಯನ್ನೋ ಅಜ್ಜಿಯನ್ನೋ ಕೇಳಿ ನೋಡಿ. ಬಾಯಿ ಹುಣ್ಣಾಗಿ, ಜ್ವರ ಏರಿ, ಭೇದಿ ಹತ್ತಿ, ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿತ್ತು. ಇಂದಿನ ಹೈನುಗಾರರು ಅದನ್ನು ಕಂಡಿಲ್ಲ. ಹಳ್ಳಿಹಳ್ಳಿಯಲ್ಲಿ ಲಸಿಕೆ ಹಾಕಿ ಅದನ್ನು ತೊಲಗಿಸಲಾಯಿತು. 2006ರಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ಮಾನ್ಯತೆ ಪಡೆಯಿತು. 2011ರಲ್ಲಿ ಇಡೀ ಜಗತ್ತಿನಿಂದಲೇ ಅದು ನಿರ್ಮೂಲವಾಯಿತೆಂದು ಘೋಷಿಸಲಾಯಿತು.

ಮಕ್ಕಳ ದಡಾರದ ವೈರಸ್ಸು ಈ ದೊಡ್ಡರೋಗದ ವೈರಸ್ಸಿನ ದಾಯಾದಿ. ಬಹಳ ಹಿಂದೆ ದನಗಳೊಡನೆ ಬಾಳಿದ ಮನುಷ್ಯರಿಗೆ ದಾಟಿ, ಮುಂದೆ ಮನುಷ್ಯರಲ್ಲೇ ನೆಲೆಸಿತು ಎಂಬುದು ವಿಜ್ಞಾನಿಗಳ ತಿಳಿವಳಿಕೆ. ಹೆದರಬೇಡಿ, ಈಗ ದನದಿಂದ ಮಗುವಿಗೆ ದಡಾರ ಬರುವುದಿಲ್ಲ. ಮನುಷ್ಯರಿಂದ ಮನುಷ್ಯರಿಗಷ್ಟೇ ಹರಡುತ್ತದೆ. ದನಗಳ ರೋಗವನ್ನು ಅಳಿಸಿಹಾಕಿದ ನಾವು ಮಕ್ಕಳ ರೋಗವನ್ನು ಇನ್ನೂ ಉಳಿಸಿಕೊಂಡಿದ್ದೇವೆ.

ದಡಾರ ಎಷ್ಟು ಕೆಟ್ಟದ್ದು?

ಕೆಲವೆಡೆ ಇದನ್ನು ಗೊಬ್ಬರ ಎನ್ನುತ್ತಾರೆ, ಕೆಲವೆಡೆ ಅಮ್ಮ ಬಂದಿದೆ ಎನ್ನುತ್ತಾರೆ. ಜೋರು ಜ್ವರ, ಕೆಮ್ಮು, ಸೋರುವ ಮೂಗು, ಕೆಂಪು ಕಣ್ಣು, ಆಮೇಲೆ ಮುಖದಿಂದ ಇಳಿಯುವ ಕೆಂಪು ದದ್ದು. ಲಸಿಕೆ ಇಲ್ಲದವರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಹರಡಬಲ್ಲದು. ರೋಗಿ ಎದ್ದುಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ವೈರಸ್ಸು ಎರಡು ಗಂಟೆ ಉಳಿಯಬಲ್ಲದು. ದದ್ದು ಕಾಣುವ ನಾಲ್ಕು ದಿನ ಮೊದಲೇ ಹರಡಲು ಶುರುವಾಗುವುದರಿಂದ, ಗೊತ್ತಾದ ಮೇಲೆ ದೂರ ಇಟ್ಟರೆ ತಡವಾಗಿರುತ್ತದೆ.

ದದ್ದು ತಾನಾಗಿಯೇ ಇಳಿಯುತ್ತದೆ. ಮಕ್ಕಳ ಜೀವ ತೆಗೆಯುವುದು ಅದರ ಹಿಂದೆ ಬರುವ ನ್ಯುಮೋನಿಯಾ, ಭೇದಿ, ಮೆದುಳಿನ ಬಾವು. ಕಣ್ಣು ಹೋಗುವುದೂ ಉಂಟು. ಮಗು ಅದುವರೆಗೆ ಗಳಿಸಿದ್ದ ರೋಗನಿರೋಧಕ ಶಕ್ತಿಯನ್ನೂ ದಡಾರ ಅಳಿಸುತ್ತದೆ. ಹಾಗಾಗಿ ವಾಸಿಯಾದ ಮೇಲೂ ಎಷ್ಟೋ ತಿಂಗಳು ಬೇರೆ ಬೇರೆ ಕಾಯಿಲೆಗಳು ಕಾಡುತ್ತವೆ.

ಎರಡು ಸಲ ಏಕೆ?

ಕರುವಿಗೆ ಗಿಣ್ಣಿನ ಹಾಲಿನಿಂದ ತಾಯಿಯ ರಕ್ಷಣೆ ಸಿಗುತ್ತದೆ. ಅದು ಇರುವಷ್ಟು ಕಾಲ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ ಎಂದೇ ನಾಲ್ಕು ತಿಂಗಳವರೆಗೆ ಕಾಯುತ್ತೇವೆ. ನಮ್ಮ ಮಕ್ಕಳಿಗೆ ಆ ರಕ್ಷಣೆ ಗರ್ಭದಲ್ಲೇ ಸಿಕ್ಕಿರುತ್ತದೆ, 9 ತಿಂಗಳ ಹೊತ್ತಿಗೆ ಬಹುಪಾಲು ಇಳಿದಿರುತ್ತದೆ. ಆಗ ಮೊದಲ ಲಸಿಕೆ ಹಾಕಿಸಿದ 100 ಮಕ್ಕಳಲ್ಲಿ ಸುಮಾರು 85 ಮಕ್ಕಳಿಗೆ ರಕ್ಷಣೆ ಬರುತ್ತದೆ. ಉಳಿದ 15 ಮಕ್ಕಳು ಯಾರು? ನೋಡಿ ಹೇಳಲು ಬರುವುದಿಲ್ಲ. ನಿಮ್ಮ ಮಗುವೂ ಇರಬಹುದು. ಅವರಲ್ಲಿ ಬಹುತೇಕರನ್ನು ಕಾಯುವುದು ಎರಡನೇ ಲಸಿಕೆ. ಊರಿನ 100 ಮಕ್ಕಳಲ್ಲಿ 95 ಮಕ್ಕಳಿಗಾದರೂ ಎರಡೂ ಆಗಿದ್ದರೆ ರೋಗಕ್ಕೆ ಹರಡಲು ದಾರಿ ಸಿಗುವುದಿಲ್ಲ. ಲಸಿಕೆಯ ವಯಸ್ಸಾಗದ ಎಳೆಗೂಸುಗಳನ್ನೂ ಅದೇ ಕಾಪಾಡುತ್ತದೆ.

ರುಬೆಲ್ಲಾ: ಹುಟ್ಟಲಿರುವ ಮಗುವಿಗಾಗಿ

ಹೆಣ್ಣುಗರುವಿಗೆ 4ರಿಂದ 8 ತಿಂಗಳೊಳಗೆ ಬ್ರುಸೆಲ್ಲಾ ಲಸಿಕೆ ಹಾಕಿಸುತ್ತೇವೆ. ಮುಂದೆ ಗಬ್ಬವಾದಾಗ ಕಂದು ಹಾಕಬಾರದು ಎಂಬ ಮುಂದಾಲೋಚನೆ ಅದು. ರುಬೆಲ್ಲಾ ಲಸಿಕೆಯ ಹಿಂದೆಯೂ ಅಂಥದ್ದೇ ಆಲೋಚನೆ ಇದೆ. ಮಕ್ಕಳಿಗೆ ರುಬೆಲ್ಲಾ ಬಂದರೆ ಸಣ್ಣ ಜ್ವರ, ಸಣ್ಣ ದದ್ದು, ಅಷ್ಟೇ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗುಲಿದರೆ ಗರ್ಭ ನಿಲ್ಲದಿರಬಹುದು, ಇಲ್ಲವೇ ಮಗು ಕಿವುಡಾಗಿ, ಕಣ್ಣಲ್ಲಿ ಪೊರೆಯೊಂದಿಗೆ ಅಥವಾ ಹೃದಯದ ದೋಷದೊಂದಿಗೆ ಹುಟ್ಟಬಹುದು. ಗಂಡುಮಕ್ಕಳಿಗೂ ಲಸಿಕೆ ಏಕೆಂದರೆ, ಬಸುರಿ ಚಿಕ್ಕಮ್ಮನಿಗೋ ಅತ್ತೆಗೋ ರೋಗ ತರುವವನು ಅವನೂ ಆಗಬಹುದು. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಐದು ಕಡೆ 15 ವರ್ಷದೊಳಗಿನ ಮಕ್ಕಳಿಗೆಲ್ಲ ಈ ಲಸಿಕೆ ಹಾಕುವ ಅಭಿಯಾನ ಆರಂಭವಾಯಿತು. ಲಸಿಕೆಯಿಂದ ಮುಂದೆ ಮಕ್ಕಳಾಗುವುದಿಲ್ಲ ಎಂಬ ಗಾಳಿಮಾತನ್ನು ನಂಬಬೇಡಿ. ಈ ಲಸಿಕೆ ಇರುವುದೇ ಮುಂದಿನ ಬಸಿರನ್ನು ಕಾಯಲು.

ಮಂಗನಬಾವಿನ ರಕ್ಷಣೆ ಸರ್ಕಾರಿ ಲಸಿಕೆಯಲ್ಲಿ ಸೇರಿಲ್ಲ. ಮೂರೂ ರೋಗಗಳಿಗೆ ಸೇರಿದ ಎಂಎಂಆರ್ ಲಸಿಕೆ ಖಾಸಗಿ ಆಸ್ಪತ್ರೆಗಳಲ್ಲಿ ಹಣಕ್ಕೆ ಸಿಗುತ್ತದೆ. ಅನುಕೂಲವಿದ್ದರೆ ಮಕ್ಕಳ ವೈದ್ಯರನ್ನು ಕೇಳಿ. ಅದನ್ನು ಹಾಕಿಸಲೆಂದು ಉಚಿತ ಲಸಿಕೆಯನ್ನು ಮುಂದೂಡಬೇಡಿ.

ಹೇಳಿದ ದಿನವೇ ಏಕೆ ಹೋಗಬೇಕು?

ಹಾಲನ್ನು ಬಿಎಂಸಿಯಲ್ಲಿ 4 ಡಿಗ್ರಿಗೆ ಇಳಿಸಿ ಇಡದಿದ್ದರೆ ಕೆಡುತ್ತದೆ ಎಂದು ನಿಮಗೆ ಗೊತ್ತು. ಈ ಲಸಿಕೆಯೂ 2ರಿಂದ 8 ಡಿಗ್ರಿ ತಂಪಿನಲ್ಲೇ ಬರಬೇಕು. ಪುಡಿಗೆ ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಎಸೆಯಬೇಕು. ಅದಕ್ಕೇ ಮಕ್ಕಳನ್ನು ಒಂದೇ ದಿನ ಸೇರಿಸುವುದು.

ನೆನಪಿಡಿ:

• ಸಣ್ಣ ನೆಗಡಿ, ಕೆಮ್ಮು ಇದ್ದರೂ ಲಸಿಕೆ ಹಾಕಿಸಬಹುದು. ಜೋರು ಕಾಯಿಲೆ ಇದ್ದರೆ ಅಥವಾ ಹಿಂದೆ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ ಮೊದಲೇ ಹೇಳಿ.
• ಲಸಿಕೆಯ ನಂತರ ಅರ್ಧ ಗಂಟೆ ಅಲ್ಲೇ ಕುಳಿತಿರಿ.
• ಒಂದು ವಾರದ ನಂತರ ಕೆಲವು ಮಕ್ಕಳಿಗೆ ಒಂದೆರಡು ದಿನ ಜ್ವರ, ಸಣ್ಣ ದದ್ದು ಬರಬಹುದು, ತಾನಾಗಿ ಹೋಗುತ್ತದೆ. ಜ್ವರ ಹೆಚ್ಚಾದರೆ ಅಥವಾ ಫಿಟ್ಸ್ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.
• ಗರ್ಭಿಣಿಯರು ಈ ಲಸಿಕೆ ಹಾಕಿಸಿಕೊಳ್ಳಬಾರದು.
• ದಡಾರ ಬಂದರೆ ಬೇವಿನ ಸೊಪ್ಪು ಕಟ್ಟಿ, ಹರಕೆ ಹೊತ್ತುಕೊಳ್ಳಿ, ಅದು ನಿಮ್ಮ ನಂಬಿಕೆ. ಆದರೆ ಪಥ್ಯವೆಂದು ಊಟ, ಹಾಲು ನಿಲ್ಲಿಸಬೇಡಿ. ವೈದ್ಯರಿಗೆ ತೋರಿಸಿ, ವಿಟಮಿನ್ ಎ ಹಾಕಿಸಿ, ಅದು ಕಣ್ಣನ್ನೂ ಜೀವವನ್ನೂ ಕಾಯುತ್ತದೆ.

ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ ತಾಯಿ ಕಾರ್ಡ್ ತೆಗೆದು ನೋಡಿ. ಎರಡನೆಯದು ತಪ್ಪಿದ್ದರೆ ಅವಧಿ ಮೀರಿತೆಂದು ಸುಮ್ಮನಾಗಬೇಡಿ. ಐದು ವರ್ಷದವರೆಗೂ ಹಾಕುತ್ತಾರೆ. ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಕಾರ್ಯಕರ್ತೆಯನ್ನೋ ಕೇಳಿ ದಿನ ಗೊತ್ತುಮಾಡಿಕೊಳ್ಳಿ. ಅಂದು ನಿಮಗೆ ಬಿಡುವಿಲ್ಲದಿದ್ದರೆ ಮಗುವಿನ ಅಪ್ಪ ಅಥವಾ ಅಜ್ಜಿ ಕಾರ್ಡ್ ಹಿಡಿದು ಹೋಗಲಿ. ನಾಳೆ ಬೆಳಿಗ್ಗೆ ಸಂಘದಲ್ಲಿ ಸಾಲಿನಲ್ಲಿ ನಿಂತಾಗ ಪಕ್ಕದವಳನ್ನೂ ಒಂದು ಮಾತು ಕೇಳಿ: "ನಿಮ್ಮ ಮಗೂಗೆ ಎರಡನೇದು ಆಯ್ತಾ ಅಕ್ಕ?"