ಕಿತ್ತುಬಂದ ಚಕ್ಕೆಯ ಹಿಂಬದಿ

ವರ್ಕ್‌ಶಾಪಿನ ಎಪಾಕ್ಸಿ ನೆಲ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಎದ್ದು ಬಂದರೆ ಮಾಲೀಕರು ಮೊದಲು ದೂರುವುದು ಪೇಂಟನ್ನು. ಅಗ್ಗದ ಮಾಲು ತಂದು ಬಳಿದರು, ಬೇರೆ ಕಂಪನಿಯದ್ದು ಹಾಕಿಸಬೇಕಿತ್ತು ಎನ್ನುತ್ತಾರೆ. ಎದ್ದ ಚಕ್ಕೆಯೊಂದನ್ನು ಕಿತ್ತು ಮಗುಚಿ ನೋಡಿದರೆ ಆ ದೂರು ಹೆಚ್ಚಿನ ಸಲ ನಿಲ್ಲುವುದಿಲ್ಲ. ಚಕ್ಕೆಯ ಹಿಂಬದಿಗೆ ಬೂದು ಬಣ್ಣದ ಸಿಮೆಂಟ್ ಪುಡಿ ಒಂದೇ ಸಮನೆ ಅಂಟಿಕೊಂಡಿದ್ದರೆ ಪೇಂಟ್ ತನ್ನ ಹಿಡಿತ ಬಿಟ್ಟಿಲ್ಲ. ಕಾಂಕ್ರೀಟಿನ ಮೇಲ್ಪದರವೇ ಸೀಳಿ ಅದರ ಜೊತೆ ಬಂದಿದೆ. ಹಿಂಬದಿ ನುಣುಪಾಗಿ, ಜಿಡ್ಡಾಗಿ ಇದ್ದರೆ ಕೆಳಗೆ ಎಣ್ಣೆ ಇತ್ತು. ನೆಲದಲ್ಲಿ ಗುಳ್ಳೆ ಎದ್ದು, ಚುಚ್ಚಿದಾಗ ನೀರು ಜಿನುಗಿದರೆ ತೇವ ಕೆಳಗಿನಿಂದ ಬಂದಿದೆ. ಪ್ರೈಮರ್ ನೆಲದಲ್ಲೇ ಗಟ್ಟಿಯಾಗಿ ಉಳಿದು ಮೇಲಿನ ಕೋಟ್ ಮಾತ್ರ ಬಿಟ್ಟುಕೊಂಡಿದ್ದರೆ ಎರಡು ಕೋಟ್‌ಗಳ ನಡುವೆ ಸಮಯ ಮೀರಿದೆ, ಇಲ್ಲವೇ ಧೂಳು ಕೂತಿದೆ. ಈ ನಾಲ್ಕರಲ್ಲಿ ಯಾವುದೂ ಡಬ್ಬದೊಳಗಿನ ವಸ್ತುವಿನ ದೋಷವಲ್ಲ. ಎಪಾಕ್ಸಿ ನೆಲದ ಆಯಸ್ಸು ಬಹುಮಟ್ಟಿಗೆ ಡಬ್ಬ ತೆರೆಯುವ ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ವಾದ. ಹಣ ಹಾಕುವವರ ಗಮನವೂ ಮೊದಲು ಹೋಗಬೇಕಾದದ್ದು ಅಲ್ಲಿಗೇ.

ಕಾರಣ ಆ ವಸ್ತುವಿನ ಸ್ವಭಾವದಲ್ಲೇ ಇದೆ. ಮಾಮೂಲಿ ಪೇಂಟು ದ್ರಾವಕ ಆವಿಯಾಗಿ ಒಣಗುತ್ತದೆ. ಎಪಾಕ್ಸಿಯಲ್ಲಿ ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ಭಾಗ ಬೆರೆತು, ರಾಸಾಯನಿಕ ಕ್ರಿಯೆ ನಡೆದು, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಮನೆಗಳಲ್ಲಿ ಮುರಿದದ್ದನ್ನು ಅಂಟಿಸಲು ಇಟ್ಟುಕೊಳ್ಳುವ ಎರಡು ಟ್ಯೂಬಿನ ಅರಾಲ್ಡೈಟ್ ಇದೇ ಕುಟುಂಬದ್ದು. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದನ್ನು 1946ರಲ್ಲಿ ಜನರ ಮುಂದಿಟ್ಟಿತು. ಹೀಗೆ ಗಟ್ಟಿಯಾದ ಎಪಾಕ್ಸಿಯನ್ನು ಎಳೆದು ಹರಿಯಲು ಬೇಕಾದ ಬಲ, ಕಾಂಕ್ರೀಟನ್ನು ಹರಿಯಲು ಬೇಕಾದದ್ದಕ್ಕಿಂತ ಹಲವು ಪಟ್ಟು ಹೆಚ್ಚು. ಕಾಂಕ್ರೀಟ್ ಭಾರ ಹೊರುತ್ತದೆ, ಎಳೆತ ತಾಳುವುದಿಲ್ಲ. ಬಿಸಿಲು ಏರಿ ಇಳಿದಾಗ ಎಪಾಕ್ಸಿ ಕಾಂಕ್ರೀಟಿಗಿಂತ ಹೆಚ್ಚು ಹಿಗ್ಗಿ ಕುಗ್ಗುತ್ತದೆ, ಪ್ರತಿ ಸಲವೂ ಕೆಳಗಿನ ಪದರವನ್ನು ಜಗ್ಗುತ್ತದೆ. ಆ ಜಗ್ಗಾಟದಲ್ಲಿ ಸೋಲುವುದು ಯಾರು ದುರ್ಬಲರೋ ಅವರು. ನೆಲಕ್ಕೆ ಲೋಹದ ಬಿಲ್ಲೆ ಅಂಟಿಸಿ ಯಂತ್ರದಿಂದ ಎಳೆದು ನೋಡುವ ಒಂದು ಪರೀಕ್ಷೆ ಇದೆ. ಚದರ ಮಿಲಿಮೀಟರಿಗೆ ಕನಿಷ್ಠ 1.5 ನ್ಯೂಟನ್ ತಾಳಬೇಕೆಂದು ಸಾಮಾನ್ಯವಾಗಿ ಕೇಳುತ್ತಾರೆ. ಚೆನ್ನಾಗಿ ಮಾಡಿದ ನೆಲದಲ್ಲಿ ಬಿಲ್ಲೆ ಕೊನೆಗೆ ಕಿತ್ತು ಬರುವುದು ಕಾಂಕ್ರೀಟಿನ ತುಂಡಿನೊಂದಿಗೆ.

ಹಾಗಾದರೆ ಕಾಂಕ್ರೀಟಿನ ಮೇಲ್ಭಾಗ ಏಕೆ ದುರ್ಬಲ? ನೆಲ ಹಾಕುವಾಗ ನೀರು ಹೆಚ್ಚಾಗಿ, ಕರಣೆಯಲ್ಲಿ ಮತ್ತೆ ಮತ್ತೆ ತೀಡಿದಂತೆ ಸಿಮೆಂಟಿನ ನುಣ್ಣನೆಯ ಕಣಗಳು ಮೇಲಕ್ಕೆ ತೇಲಿ ಬರುತ್ತವೆ. ಒಣಗಿದ ಮೇಲೆ ಅದು ನೋಡಲು ನಯವಾದ, ಆದರೆ ಉಗುರಿನಿಂದ ಕೆರೆದರೂ ಪುಡಿಯಾಗುವ ತೆಳು ಪದರ. ಅದರ ಮೇಲೆ ಎಪಾಕ್ಸಿ ಬಳಿಯುವುದು ಉದುರುತ್ತಿರುವ ಸುಣ್ಣದ ಗೋಡೆಗೆ ಆಯಿಲ್ ಪೇಂಟ್ ಬಳಿದಂತೆ. ಅದನ್ನು ವಜ್ರದ ಹಲ್ಲಿನ ಗ್ರೈಂಡರಿನಿಂದ ಉಜ್ಜಿ, ಅಥವಾ ಉಕ್ಕಿನ ಸಣ್ಣ ಗುಂಡುಗಳನ್ನು ರಭಸದಿಂದ ಎರಚುವ ಯಂತ್ರದಿಂದ ಕೆತ್ತಿ, ಕೆಳಗಿನ ಗಟ್ಟಿ ಕಾಂಕ್ರೀಟು ಒರಟಾಗಿ ಕಾಣುವವರೆಗೆ ತೆಗೆಯಬೇಕು. ಇಲ್ಲೇ ಮೊದಲ ಆಕ್ಷೇಪ ಬರುತ್ತದೆ: ಇಷ್ಟೆಲ್ಲ ಯಂತ್ರ ಏಕೆ, ಆ್ಯಸಿಡ್ ಸುರಿದು ತೊಳೆದರೆ ಸಾಲದೇ? ಹೊಸ, ಶುದ್ಧ ನೆಲದ ಮೇಲೆ ಆ್ಯಸಿಡ್ ಒಂದಿಷ್ಟು ಕೆಲಸ ಮಾಡುವುದು ನಿಜ. ಆದರೆ ಆ್ಯಸಿಡ್ ತಿನ್ನುವುದು ಸಿಮೆಂಟನ್ನು, ಎಣ್ಣೆಯನ್ನಲ್ಲ. ಹತ್ತು ವರ್ಷ ಗ್ರೀಸು, ಕೂಲಂಟು ಕುಡಿದ ಗ್ಯಾರೇಜಿನ ನೆಲದಲ್ಲಿ ಎಣ್ಣೆ ಇರುವ ಕಡೆ ಅದು ಮುಟ್ಟುವುದೇ ಇಲ್ಲ, ಅಂದರೆ ಎಲ್ಲಿ ಅಗತ್ಯವೋ ಅಲ್ಲೇ ಸೋಲುತ್ತದೆ. ಜೊತೆಗೆ ತೊಳೆಯಲು ಸುರಿದ ನೀರು ನೆಲದೊಳಗೆ ಇಳಿಯುತ್ತದೆ, ಲವಣ ರಂಧ್ರಗಳಲ್ಲಿ ಉಳಿಯುತ್ತದೆ. ಯಾರು ಬೇಕಾದರೂ ಮಾಡಬಹುದಾದ ಒಂದು ಪರೀಕ್ಷೆ: ಉಜ್ಜಿದ ನೆಲದ ಮೇಲೆ ಅಲ್ಲಲ್ಲಿ ನೀರಿನ ಹನಿ ಚಿಮುಕಿಸಿ. ಹನಿ ಹರಡಿ, ಇಂಗಿ, ನೆಲ ಕಪ್ಪಾದರೆ ಸರಿ. ಮುತ್ತುಗಟ್ಟಿ ನಿಂತರೆ ಎಣ್ಣೆ ಅಥವಾ ಹಳೆಯ ಲೇಪ ಇನ್ನೂ ಇದೆ. ಆಳಕ್ಕೆ ಇಳಿದ ಎಣ್ಣೆ ಕ್ಷಾರದ ಮಾರ್ಜಕ, ಬಿಸಿನೀರಿಗೆ ಬಗ್ಗದಿದ್ದರೆ ಅಷ್ಟು ಭಾಗ ಕಡಿದು ತೆಗೆದು ಹೊಸದಾಗಿ ತುಂಬುವುದೇ ದಾರಿ. ಉಜ್ಜುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶವನ್ನು ಸರಿಪಡಿಸಲಾಗದಂತೆ ಕೆಡಿಸುತ್ತದೆ. ಧೂಳು ಹೀರುವ ಯಂತ್ರ ಜೋಡಿಸದ ಗ್ರೈಂಡರನ್ನು, ಮುಖಕ್ಕೆ ಕರ್ಚೀಫು ಕಟ್ಟಿಕೊಂಡ ಹುಡುಗನ ಕೈಗೆ ಕೊಡುವ ಕಂಟ್ರಾಕ್ಟರನ್ನು ಒಳಗೇ ಬಿಡಬಾರದು.

ತೇವದ ವಿಷಯ ಇನ್ನೂ ಸೂಕ್ಷ್ಮ. ಹೊಸ ಕಾಂಕ್ರೀಟಿಗೆ 28 ದಿನ ಬಿಡಬೇಕೆಂಬ ನಿಯಮ ಎಲ್ಲರಿಗೂ ಗೊತ್ತು. ಆದರೆ ಅದು ಬಲ ಬರುವ ಲೆಕ್ಕ. ಐದಾರು ಇಂಚಿನ ನೆಲ ಒಳಗಿನಿಂದ ಒಣಗಲು ತಿಂಗಳುಗಳೇ ಬೇಕು. ಹಳೆಯ ಶೆಡ್ಡುಗಳಲ್ಲಿ ಮಣ್ಣಿಗೂ ಕಾಂಕ್ರೀಟಿಗೂ ನಡುವೆ ಪಾಲಿಥೀನ್ ಹಾಳೆ ಹಾಸಿರದಿದ್ದರೆ, ಮಳೆಗಾಲದಲ್ಲಿ ಭೂಮಿಯ ತೇವ ಸದಾ ಮೇಲೇರುತ್ತಿರುತ್ತದೆ. ಬರಿಯ ನೆಲದಲ್ಲಿ ಅದು ಸದ್ದಿಲ್ಲದೆ ಆವಿಯಾಗಿ ಹೋಗುತ್ತಿತ್ತು. ಎಪಾಕ್ಸಿ ಆ ದಾರಿ ಮುಚ್ಚಿದ ಕೂಡಲೇ ಒತ್ತಡವಾಗುತ್ತದೆ. ಪತ್ತೆಗೆ ಅಮೆರಿಕದ ಎಎಸ್‌ಟಿಎಂ ಸಂಸ್ಥೆ ಹೇಳಿದ ಸರಳ ವಿಧಾನವಿದೆ: 18 ಇಂಚು ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು, ಕೆಳಗೆ ಹನಿ ಕೂತಿದೆಯೋ ನೆಲ ಕಪ್ಪಾಗಿದೆಯೋ ನೋಡುವುದು. ಹನಿ ಕಂಡರೆ ಕೆಲಸ ನಿಲ್ಲಿಸಲು ಅಷ್ಟೇ ಸಾಕು. ಕಾಣದಿದ್ದರೆ ಮಾತ್ರ ನಿಶ್ಚಿಂತೆ ಎನ್ನಲಾಗದು, ಬೇಸಿಗೆಯಲ್ಲಿ ಒಣಗಿದ್ದ ನೆಲ ಆಷಾಢದಲ್ಲಿ ಒದ್ದೆಯಾಗಬಹುದು. ಅನುಮಾನವಿದ್ದಲ್ಲಿ ಕಾಂಕ್ರೀಟಿಗೆ ರಂಧ್ರ ಕೊರೆದು ಒಳಗಿನ ತೇವ ಅಳೆಯಿಸಬೇಕು. ಗಾಳಿಯ ತೇವವೂ ಲೆಕ್ಕಕ್ಕೆ ಬರುತ್ತದೆ. ಬಳಿಯುವಾಗ ನೆಲದ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಬೆಂಗಳೂರಿನ ಪೀಣ್ಯದಲ್ಲಿ ಫೆಬ್ರವರಿಯ ಮಧ್ಯಾಹ್ನ ಗಾಳಿ 28 ಡಿಗ್ರಿ, ಆರ್ದ್ರತೆ ಶೇಕಡ 40 ಇದ್ದರೆ ಇಬ್ಬನಿ ಕಟ್ಟುವುದು ಸುಮಾರು 13 ಡಿಗ್ರಿಯಲ್ಲಿ. ಯಾವ ಭಯವೂ ಇಲ್ಲ. ಮಂಗಳೂರಿನ ಬೈಕಂಪಾಡಿಯಲ್ಲಿ ಜುಲೈನಲ್ಲಿ 27 ಡಿಗ್ರಿ, ಶೇಕಡ 90 ಇದ್ದರೆ ಅದು 25ಕ್ಕೆ ಏರುತ್ತದೆ. ನೆರಳಲ್ಲಿ ತಣ್ಣಗಿರುವ ನೆಲ 28 ದಾಟುವುದೇ ಕಷ್ಟ. ಅಂಥ ದಿನ ಬಳಿದರೆ ಹಾರ್ಡನರ್ ಗಾಳಿಯ ತೇವ, ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಮೇಲೆ ಬಿಳಿಚಿದ ಜಿಗುಟು ಪದರ ಕಟ್ಟುತ್ತದೆ, ಮುಂದಿನ ಕೋಟ್ ಅದರ ಮೇಲೆ ನಿಲ್ಲುವುದಿಲ್ಲ. ಕರಾವಳಿಯವರು ಈ ಕೆಲಸವನ್ನು ಮಳೆ ಮುಗಿದ ಮೇಲಕ್ಕೆ ಇಟ್ಟುಕೊಳ್ಳುವುದು ಲೇಸು.

ತಯಾರಿಗೇ ಪೇಂಟಿನಷ್ಟು ಖರ್ಚಾದರೆ ಸಣ್ಣ ವರ್ಕ್‌ಶಾಪಿನವರು ಏನು ಮಾಡಬೇಕು ಎಂಬುದು ಗಂಭೀರ ಪ್ರಶ್ನೆ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಒಂದು ವಾರ ಯಂತ್ರ ನಿಂತರೆ ಆರ್ಡರು ತಪ್ಪುತ್ತದೆ. ಇದಕ್ಕೆ ನನ್ನ ಉತ್ತರ: ದುಡ್ಡು ಕಡಿಮೆ ಇದ್ದರೆ ದಪ್ಪ ಕಡಿಮೆ ಮಾಡಿ, ಅಥವಾ ಅರ್ಧ ಶೆಡ್ಡನ್ನು ಈ ವರ್ಷ, ಉಳಿದದ್ದನ್ನು ಮುಂದಿನ ವರ್ಷ ಮಾಡಿಸಿ, ತಯಾರಿಯನ್ನು ಕತ್ತರಿಸಬೇಡಿ. ಗಟ್ಟಿ ಕಾಂಕ್ರೀಟನ್ನು ಹಿಡಿದ ತೆಳು ಕೋಟ್ ನಿಧಾನವಾಗಿ ಸವೆಯುತ್ತದೆ, ಸವೆದದ್ದರ ಮೇಲೆ ಮತ್ತೆ ಬಳಿಯಬಹುದು. ಹಿಡಿತವಿಲ್ಲದ ದಪ್ಪ ಕೋಟನ್ನು ಪೂರ್ತಿ ಕಿತ್ತು ಹಾಕಬೇಕು, ಕೀಳುವ ಕೂಲಿ ಹಾಕಿದ ಕೂಲಿಗಿಂತ ಹೆಚ್ಚಾಗುವುದುಂಟು. ದಪ್ಪದ ವಿಷಯದಲ್ಲಿ ಮೋಸ ಹೋಗದಿರಲು ಸುಲಭದ ಲೆಕ್ಕವೊಂದಿದೆ. ಒಂದು ಲೀಟರ್ ಮಾಲು ಒಂದು ಚದರ ಮೀಟರಿನಲ್ಲಿ ಒಂದು ಮಿಲಿಮೀಟರ್ ದಪ್ಪ ಕೂರುತ್ತದೆ. 1,000 ಚದರ ಅಡಿ ಎಂದರೆ ಸುಮಾರು 93 ಚದರ ಮೀಟರ್. ಅದಕ್ಕೆ 2 ಮಿಲಿಮೀಟರ್ ಎಂದು ಕೊಟೇಶನ್ ಬರೆದವರು, ಬೆರೆಸುವ ಸಿಲಿಕಾ ಮರಳಿನ ಗಾತ್ರವೂ ಸೇರಿ 186 ಲೀಟರ್ ಮಾಲನ್ನು ನೆಲಕ್ಕೆ ಇಳಿಸಲೇಬೇಕು. ಥಿನ್ನರ್ ಆವಿಯಾಗಿ ಹೋಗುವುದರಿಂದ ಅದು ಲೆಕ್ಕಕ್ಕಿಲ್ಲ. ಖಾಲಿ ಡಬ್ಬ ಎಣಿಸಿ.

ಬಳಿಯುವ ಹಂತದಲ್ಲಿ ತಪ್ಪುವುದು ಮುಖ್ಯವಾಗಿ ಬೆರಕೆ. ಕಂಪನಿ ಅಳೆದು ಕೊಟ್ಟ ಎರಡು ಭಾಗವನ್ನು ಪೂರ್ತಿ ಸುರಿದು, ನಿಧಾನ ವೇಗದ ಡ್ರಿಲ್ಲಿನಲ್ಲಿ ಕಲಕಿ, ಬಕೆಟಿನ ಗೋಡೆ ಕೆರೆದು, ಇನ್ನೊಂದು ಬಕೆಟಿಗೆ ಬಗ್ಗಿಸಿ ಮತ್ತೆ ಕಲಕಬೇಕು. ತಳಕ್ಕೆ ಅಂಟಿದ ಬೆರೆಯದ ರೆಸಿನ್ ನೆಲದಲ್ಲಿ ಎಂದೂ ಗಟ್ಟಿಯಾಗದ ಜಿಗುಟು ಕಲೆಯಾಗಿ ಉಳಿಯುತ್ತದೆ. ಬೆರೆತ ಮಾಲನ್ನು ಬಕೆಟಿನಲ್ಲೇ ಬಿಟ್ಟರೆ ಕ್ರಿಯೆಯ ಶಾಖ ಹೊರಹೋಗಲಾರದೆ ಹೊಗೆಯಾಡುವಷ್ಟು ಬಿಸಿಯಾಗುತ್ತದೆ, ಆದ್ದರಿಂದ ಕೂಡಲೇ ನೆಲಕ್ಕೆ ಸುರಿದು ಹರಡಬೇಕು. ಕೈಗೆ ನೈಟ್ರೈಲ್ ಗ್ಲೌಸ್ ಕಡ್ಡಾಯ. ಚರ್ಮಕ್ಕೆ ಇದರ ಅಲರ್ಜಿ ಒಮ್ಮೆ ಹತ್ತಿದರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ, ಥಿನ್ನರಿನಲ್ಲಿ ಕೈ ತೊಳೆದರೆ ಇನ್ನಷ್ಟು ಒಳಗೆ ಹೋಗುತ್ತದೆ. ಮರುದಿನ ನಡೆದಾಡಬಹುದು, ಭಾರದ ಗಾಡಿ, ರಾಸಾಯನಿಕಗಳಿಗೆ ಸುಮಾರು 7 ದಿನ ಕಾಯಬೇಕು.

ನಮ್ಮ ಅಜ್ಜಂದಿರ ಕಾಲದ ಶಹಾಬಾದ್ ಕಲ್ಲು, ಸಿಮೆಂಟ್ ಗಾರೆ ಸಾಲದಾಗಿತ್ತೇ ಎಂದು ಕೇಳುವವರಿದ್ದಾರೆ. ಹಲವು ಕಡೆ ಸಾಕು ಎಂದೇ ಹೇಳುತ್ತೇನೆ. ಬೆಳಗಾವಿಯ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣ ಬೀಳುವ ಜಾಗಕ್ಕೆ ಎಪಾಕ್ಸಿ ಹಾಕಿಸುವುದು ಹಣದ ಪೋಲು. ಮಾಮೂಲಿ ಎಪಾಕ್ಸಿ 60 ಡಿಗ್ರಿಯ ಆಸುಪಾಸಿನಲ್ಲೇ ಮೆದುವಾಗತೊಡಗುತ್ತದೆ. ಕುಲುಮೆ, ದಿನವಿಡೀ ವೆಲ್ಡಿಂಗ್ ನಡೆಯುವ ಮೂಲೆ, ಬಿಸಿಲು ನೇರ ಬೀಳುವ ಅಂಗಳ ಇವಕ್ಕೂ ಅದು ತಕ್ಕದ್ದಲ್ಲ. ಬಿಸಿಲಿಗೆ ಹಳದಿಯಾಗಿ ಪುಡಿ ಬಿಡುತ್ತದೆ. ಆದರೆ ಬರಿಯ ಸಿಮೆಂಟ್ ನೆಲ ನಿತ್ಯ ಧೂಳು ಬಿಡುತ್ತದೆ, ಎಣ್ಣೆ ಕುಡಿಯುತ್ತದೆ. ಅಳತೆಯಲ್ಲಿ ಮೈಕ್ರಾನ್ ನೋಡುವ ಸಿಎನ್‌ಸಿ ವಿಭಾಗ, ಔಷಧ ಅಥವಾ ಆಹಾರ ತಯಾರಿಸುವ ಜಾಗ, ವಾಹನದ ಸರ್ವಿಸ್ ಕೇಂದ್ರ ಇವಕ್ಕೆ ಎಪಾಕ್ಸಿ ತನ್ನ ಬೆಲೆಯನ್ನು ತೀರಿಸುತ್ತದೆ. ಎಣ್ಣೆ ಬಿದ್ದರೆ ಜಾರುತ್ತದೆ ಎಂಬ ಭಯ ಸರಿಯಾದದ್ದೇ. ಓಡಾಡುವ ದಾರಿಯಲ್ಲಿ ಹಸಿ ಕೋಟಿನ ಮೇಲೆ ಸಿಲಿಕಾ ಮರಳು ಎರಚಿ ಒರಟು ಮಾಡಿಸಬೇಕು. ಗುಡಿಸುವುದು ತುಸು ಕಷ್ಟವಾದೀತು, ಕಾಲು ಮುರಿಯುವುದು ತಪ್ಪುತ್ತದೆ.

ನಿರ್ವಹಣೆಯಲ್ಲೂ ಗಮನ ಕೊಡಬೇಕಾದದ್ದು ಹೊಳಪಿಗಿಂತ ಅಂಚುಗಳಿಗೆ. ಲೇತಿನ ಲೋಹದ ಚೂರು, ಗ್ರೈಂಡಿಂಗ್ ಪುಡಿ ಬೂಟಿನಡಿ ಸಿಕ್ಕಿ ದಿನವೂ ಗೀರುತ್ತದೆ. ಕಬ್ಬಿಣದ ಪುಡಿಗೆ ನೀರು ಸೇರಿದರೆ ತುಕ್ಕಿನ ಕಲೆ ಕೂರುತ್ತದೆ. ಆದ್ದರಿಂದ ಮೊದಲು ಒಣ ಮಾಪು, ಆಮೇಲೆ ಸೌಮ್ಯ ಮಾರ್ಜಕದ ನೀರು. ಬಾತ್‌ರೂಮಿಗೆ ಬಳಸುವ ಆ್ಯಸಿಡ್ ಇಲ್ಲಿಗೆ ತರಬಾರದು. ಬ್ರೇಕ್ ಆಯಿಲು, ಬ್ಯಾಟರಿ ಆ್ಯಸಿಡ್ ಚೆಲ್ಲಿದರೆ ಸಂಜೆಯವರೆಗೆ ಬಿಡದೆ ಒರೆಸಬೇಕು. ಜ್ಯಾಕ್ ನಿಲ್ಲಿಸುವ ಕಡೆ ಪ್ಲೈವುಡ್ ತುಂಡು ಹಾಕಬೇಕು, ಟ್ರಾಲಿಗೆ ಉಕ್ಕಿನ ಬದಲು ಪಾಲಿಯುರಿಥೇನ್ ಚಕ್ರ ಹಾಕಿಸಬೇಕು. ಇವೆಲ್ಲ ಮಾಡಿದರೂ ಒಂದು ದಿನ ಸ್ಪ್ಯಾನರ್ ಬಿದ್ದು ಬಿಲ್ಲೆಯಷ್ಟು ಚಕ್ಕೆ ಎದ್ದೇ ಏಳುತ್ತದೆ. ಅದನ್ನು ಆ ವಾರವೇ ಸರಿಮಾಡಬೇಕು. ತೆರೆದ ಅಂಚಿನಿಂದ ಎಣ್ಣೆ, ನೀರು ಕೋಟಿನ ಅಡಿಗೆ ನುಸುಳಿ, ತಯಾರಿಯಲ್ಲಿ ಗಳಿಸಿದ ಹಿಡಿತವನ್ನು ಒಳಗಿನಿಂದ ಬಿಡಿಸುತ್ತವೆ. ಅಂಚನ್ನು ಚೌಕವಾಗಿ ಕತ್ತರಿಸಿ, ಸಡಿಲವಾದದ್ದನ್ನೆಲ್ಲ ಕೆರೆದು, ಸುತ್ತಲಿನ ಹಳೆಯ ಕೋಟನ್ನು ಎರಡು ಇಂಚಿನಷ್ಟು ಉಜ್ಜಿ ಮಂಕು ಮಾಡಿ, ಧೂಳು ಹೀರಿ, ಆಮೇಲೆ ಪ್ರೈಮರ್ ಹಚ್ಚಿ ತುಂಬಬೇಕು.