ಮುಚ್ಚಳದ ಬಿಗಿ

ಕೋಲಾರದ ಹಣ್ಣಿಗಿಂತ ಮೊದಲೇ ಬೆಂಗಳೂರಿನ ಪೇಟೆಯನ್ನು ಕಾಣುವ ಹೆಮ್ಮೆ ರಾಮನಗರ ಸೀಮೆಯ ಮಾವಿಗೆ ಉಂಟು. ಆದರೆ ಆ ಹೆಮ್ಮೆಯ ಆಯುಷ್ಯ ಬಲು ಕಿರಿದು. ಚನ್ನಪಟ್ಟಣ, ಕನಕಪುರ, ಮಾಗಡಿಗಳ ತೋಪುಗಳಲ್ಲಿ ಬಾದಾಮಿ, ರಸಪುರಿ, ಸೇಂದೂರಗಳು ಒಮ್ಮೆಲೇ ಪಕ್ವವಾಗಿ ಬೆಲೆ ಕುಸಿಯುವ ದಿನಗಳಲ್ಲಿ, ಮಾರಿ ಉಳಿದುದನ್ನು ಷರಬತ್ತಾಗಿಯೋ ಉಪ್ಪಿನಕಾಯಿಯಾಗಿಯೋ ಸೀಸೆಗೆ ತುಂಬಿಟ್ಟರೆ ವರ್ಷವಿಡೀ ನಾಲ್ಕು ಕಾಸು ಕಾಣಬಹುದೆಂಬ ವಿವೇಕದಿಂದ ಹುಟ್ಟಿದುದೇ ಮನೆಯಂಗಳದ ಕಿರು ಉದ್ಯಮ. ಇಂತಹ ಉದ್ಯಮಗಳಿಗೆ ವೆಚ್ಚದ ಶೇ. 35ರಷ್ಟನ್ನು, 10 ಲಕ್ಷ ರೂಪಾಯಿಗಳ ಮಿತಿಯೊಳಗೆ, ಸಹಾಯಧನವಾಗಿ ಕೊಡುವ ಯೋಜನೆಯೊಂದನ್ನು ಕೇಂದ್ರ ಸರ್ಕಾರವು 2020ರಲ್ಲಿ ಪ್ರಾರಂಭಿಸಿತು. ಹಣ್ಣಿನ ಗುಣ, ಸಕ್ಕರೆಯ ಪಾಕ, ಉಪ್ಪಿನ ಹದ ಇವುಗಳ ವಿಷಯವಾಗಿ ಗಂಟೆಗಟ್ಟಲೆ ಮಾತನಾಡಬಲ್ಲವರು ಕೂಡ ಕಟ್ಟಕಡೆಯ ಕ್ರಿಯೆಯಾದ ಮುಚ್ಚಳ ಹಾಕುವುದನ್ನು ಮಾತ್ರ ಕೈಗೆ ಬಿಟ್ಟ ಕೆಲಸವೆಂದು ಉಪೇಕ್ಷಿಸುತ್ತಾರೆ.

ಈ ಉಪೇಕ್ಷೆಗೆ ಹಳೆಯ ಸೀಸೆಗಳೂ ಒಂದಿಷ್ಟು ಕಾರಣವಿರಬೇಕು. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟು ಪಡೆದ ಗೋಲಿ ಸೋಡಾದ ಸೀಸೆಯಲ್ಲಿ ಒಳಗಿನ ಅನಿಲವೇ ಗೋಲಿಯನ್ನು ಮೇಲಕ್ಕೆ ಒತ್ತಿ ರಬ್ಬರಿನ ಉಂಗುರಕ್ಕೆ ಅಂಟಿಸಿಬಿಡುತ್ತಿತ್ತು. ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟು ಪಡೆದ, ನೆರಿಗೆಯಂಚಿನ ತಗಡಿನ ಬಿರಡೆಯನ್ನು ಒಮ್ಮೆ ಅದುಮಿದರೆ ಮುಗಿಯಿತು. ಮುಚ್ಚುವವನ ವಿವೇಚನೆಗೆ ಅಲ್ಲಿ ಹೆಚ್ಚು ಎಡೆಯಿರಲಿಲ್ಲ. ಎಷ್ಟು ಬಿಗಿಯಬೇಕೆಂಬ ತೀರ್ಮಾನವನ್ನು ಮನುಷ್ಯನಿಗೇ ಒಪ್ಪಿಸಿದುದು ತಿರುಗಿಸಿ ಹಾಕುವ ಮುಚ್ಚಳ. ಅದೂ ಬೆಳಗಿನ ಕೈ ಸಂಜೆಯ ಕೈಯಲ್ಲವಾದುದರಿಂದ, ನೂರನೆಯ ಸೀಸೆಯ ಹೊತ್ತಿಗೆ ಮಣಿಕಟ್ಟು ಸೋತು ಬಿಗಿ ತಾನಾಗಿ ಸಡಿಲವಾಗುತ್ತದೆ.

ಕೈಯಲ್ಲಿ ಹಿಡಿಯುವ ಮುಚ್ಚಳಯಂತ್ರವು ಪ್ರಯೋಜನಕ್ಕೆ ಬರುವುದು ಇಲ್ಲಿ. ವಿದ್ಯುತ್ ಸ್ಕ್ರೂಡ್ರೈವರನ್ನು ಹೋಲುವ ಇದರ ತುದಿಯಲ್ಲಿ ಒಂದು ಬಟ್ಟಲು, ಬಟ್ಟಲೊಳಗೆ ಮುಚ್ಚಳದ ಅಳತೆಗೆ ತಕ್ಕ ರಬ್ಬರ್ ಬಳೆ, ಮೇಲೆ ಸ್ಪ್ರಿಂಗಿನ ಕ್ಲಚ್ಚು ಇರುತ್ತವೆ. ಭಾರ ತಿಳಿಯದಂತೆ ಯಂತ್ರವನ್ನು ಸ್ಪ್ರಿಂಗಿನಿಂದ ತಲೆಯ ಮೇಲೆ ತೂಗುಬಿಡುವುದು ಉತ್ತಮ. ಮುಚ್ಚಳವನ್ನು ಮೊದಲು ಬೆರಳಿನಿಂದಲೇ ಅರ್ಧ ಸುತ್ತು ಕೂರಿಸಿ, ಥ್ರೆಡ್ಡು ಓರೆಯಾಗಿಲ್ಲವೆಂಬುದನ್ನು ಕಂಡುಕೊಂಡು, ಎಡಗೈಯಿಂದ ಸೀಸೆಯನ್ನು ಹಿಡಿದು, ಯಂತ್ರವನ್ನು ನೆಟ್ಟಗೆ ಮೇಲಿನಿಂದ ಇಳಿಸಬೇಕು. ಗೊತ್ತುಮಾಡಿದ ಬಿಗಿ ಬಂದೊಡನೆ ಕ್ಲಚ್ಚು ಕಟಕಟನೆ ಜಾರುತ್ತದೆ. ಆ ಸದ್ದು ಕೇಳಿದ ತರುವಾಯವೂ ಒತ್ತಿ ಹಿಡಿದಿರುವುದು ಅತಿಯಾಸೆ.

ಬಿಗಿಯನ್ನು ನಿಗದಿಪಡಿಸುವ ಕ್ರಮ ಸಾವಧಾನದ್ದು. ಮುಚ್ಚಳದ ವ್ಯಾಸ ಎಷ್ಟು ಮಿಲಿಮೀಟರೋ ಅದರ ಅರ್ಧದಷ್ಟು ಇಂಚು-ಪೌಂಡು ತಿರುಚುಬಲ ಸಾಕೆಂಬುದು ಕಸಬುದಾರರ ಸ್ಥೂಲವಾದ ಲೆಕ್ಕ. ಅಂದರೆ 28 ಮಿ.ಮೀ. ಮುಚ್ಚಳಕ್ಕೆ 14 ಇಂಚು-ಪೌಂಡು, ಸುಮಾರು 1.6 ನ್ಯೂಟನ್-ಮೀಟರ್. ಅಳೆಯುವ ಉಪಕರಣವಿಲ್ಲದವರು ಕ್ಲಚ್ಚಿನ ಬಳೆಯನ್ನು ಅತ್ಯಂತ ಸಡಿಲವಾದ ಗುರುತಿನಲ್ಲಿಟ್ಟು, ನೀರು ತುಂಬಿದ ಸೀಸೆಗಳನ್ನು ಮುಚ್ಚಿ, ಹಳೆಯ ಪತ್ರಿಕೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ಕಾಗದ ಒದ್ದೆಯಾಗದ ಗುರುತು ಸಿಕ್ಕುವವರೆಗೆ ಒಂದೊಂದೇ ಹಲ್ಲು ಏರಿಸುತ್ತ ಹೋಗಬೇಕು. ಸೋರಿದಾಗಲೆಲ್ಲ ಇನ್ನಷ್ಟು ಬಿಗಿಯುವುದೇ ಪರಿಹಾರವೆಂದು ತಿಳಿಯುವವರು ಬಹಳ. ಮಿತಿ ಮೀರಿದ ಬಿಗಿಯಿಂದ ಒಳಗಿನ ವಾಷರು ಕತ್ತರಿಸಿ, ಪ್ಲಾಸ್ಟಿಕ್ಕು ಬಿರಿದು, ಥ್ರೆಡ್ಡು ಹಾರಿ, ಸೋರಿಕೆ ಹೆಚ್ಚುವುದೇ ಹೊರತು ಕಡಿಮೆಯಾಗದು. ಚನ್ನಪಟ್ಟಣದ ಗೊಂಬೆಯ ಕುಶಲಕರ್ಮಿಯು ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು, ಘರ್ಷಣೆಯ ಬಿಸಿಗೆ ಅದು ಕರಗಿ ಹತ್ತುವಷ್ಟು ಮಾತ್ರ ಒತ್ತುತ್ತಾನಷ್ಟೆ. ಇಲ್ಲಿ ಬೇಕಾದ ತಾಳ್ಮೆಯೂ ಅದೇ ಜಾತಿಯದು.

ತುಂಬುವ ಪದಾರ್ಥದ ಸ್ವಭಾವವನ್ನೂ ಗಮನಿಸಬೇಕು. ಗಾಣದ ಎಣ್ಣೆಯ ಒಂದು ಹನಿ ಸೀಸೆಯ ಕೊರಳಿಗೆ ತಗುಲಿದ್ದರೂ ಘರ್ಷಣೆ ತಗ್ಗಿ, ಅದೇ ಗುರುತಿನಲ್ಲಿಯೇ ಮುಚ್ಚಳ ಅಗತ್ಯಕ್ಕಿಂತ ಹೆಚ್ಚು ಸುತ್ತುತ್ತದೆ. ಆದಕಾರಣ ಒಣಬಟ್ಟೆಯಿಂದ ಕೊರಳನ್ನು ಒರೆಸದೆ ಯಂತ್ರವನ್ನು ಮುಟ್ಟಬಾರದು. ಬಿಸಿಬಿಸಿಯಾಗಿ ಗಾಜಿನ ಸೀಸೆಗೆ ತುಂಬಿದ ಮಾವಿನ ರಸವಾದರೋ ತಣ್ಣಗಾಗುತ್ತ ಕುಗ್ಗಿ, ಒಳಗೆ ನಿರ್ವಾತವುಂಟಾಗಿ, ಮುಚ್ಚಳವನ್ನು ತನ್ನೆಡೆಗೆ ತಾನೇ ಸೆಳೆದುಕೊಳ್ಳುತ್ತದೆ. ಆರಿದ ಮೇಲೆ ಸಡಿಲವೆಂಬ ಸಂಶಯದಿಂದ ಅದನ್ನು ಮತ್ತೆ ತಿರುಗಿಸಹೊರಟರೆ, ಹಾಗೆ ಕೂಡಿಕೊಂಡ ಬೆಸುಗೆಯೇ ಕದಲೀತು. ಇನ್ನು ನೆನ್ನೆಯವರೆಗೆ ಸರಿಯಾಗಿದ್ದ ಯಂತ್ರ ಇಂದು ಸಡಿಲವಾಗಿ ಮುಚ್ಚುತ್ತಿದೆಯೆಂದರೆ, ಕ್ಲಚ್ಚಿಗೆ ಕೈಹಾಕುವ ಮುನ್ನ ರಬ್ಬರ್ ಬಳೆಯನ್ನು ನೋಡುವುದು ಒಳಿತು. ಸವೆದು ನುಣುಪಾದ ಬಳೆ ಮುಚ್ಚಳವನ್ನು ಹಿಡಿಯದೆ ಅದರ ಮೇಲೆ ಜಾರುತ್ತಿರುತ್ತದೆ.

ಹಾಕಿದ ಬಿಗಿ ಹಾಕಿದಂತೆಯೇ ಉಳಿಯದು. ವಾಷರೂ ಪ್ಲಾಸ್ಟಿಕ್ಕೂ ಒತ್ತಡಕ್ಕೆ ಒಗ್ಗಿಕೊಳ್ಳುವುದರಿಂದ, ಒಂದು ದಿನ ಕಳೆಯುವಷ್ಟರಲ್ಲಿ ತೆರೆಯಲು ಬೇಕಾದ ಬಲ ಮುಚ್ಚುವಾಗಿನದಕ್ಕಿಂತ ಸಾಕಷ್ಟು ಕಡಿಮೆಯಾಗಿರುವುದು ಸಾಮಾನ್ಯ. ಆದ್ದರಿಂದ ನಿಜವಾದ ಪರೀಕ್ಷೆ ಮರುದಿನದ್ದು. ಮನೆಯಲ್ಲಿ ಎಲ್ಲರಿಗಿಂತ ಹಿರಿಯಳಾದ ಅಜ್ಜಿಯ ಕೈಗೆ ಆ ಸೀಸೆಯನ್ನು ಕೊಟ್ಟು ನೋಡಬೇಕು. ಆಕೆ ಸೆರಗಿನಿಂದ ಹಿಡಿದೂ ತಿರುಗಿಸಲಾರದೆ ಮೊಮ್ಮಗನನ್ನು ಕೂಗಿದರೆ, ಕ್ಲಚ್ಚಿನ ಬಳೆಯನ್ನು ಒಂದು ಹಲ್ಲು ಹಿಂದಕ್ಕೆ ತಂದು, ಪತ್ರಿಕೆಯ ಮೇಲಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡತಕ್ಕದ್ದು.